ಮೊದಲ ಫೈನಲ್ ಫ್ಯಾಂಟಸಿ: ಆ 400 ಗೋಲ್ಡ್ ಯಾವುದಕ್ಕೆ ಖರ್ಚು ಮಾಡಬೇಕು?

ಪ್ರಶ್ನೆ: ಹಳೆಯ ನಿಂಟೆಂಡೊ ಆವೃತ್ತಿಯ ಫೈನಲ್ ಫ್ಯಾಂಟಸಿ ಈಗಷ್ಟೇ ಶುರು ಮಾಡಿದ್ದೇನೆ. ಕತ್ತಿ, ಕವಚ ಎಲ್ಲಾ ಕೊಂಡೆ. ಆದರೂ ಕೊನೇರಿಯಾ ಊರಿನಾಚೆ ಇಂಪ್ ಎಂಬ ಪುಟ್ಟ ಶತ್ರುಗಳ ಕೈಯಲ್ಲೇ ಸಾಯುತ್ತಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಮೆನುವಿನಲ್ಲಿ ವೆಪನ್ ಪಟ್ಟಿ ತೆರೆದು ನೋಡಿ. ಕತ್ತಿಯ ಹೆಸರಿನ ಮುಂದೆ ಇಂಗ್ಲಿಷಿನ 'E' ಅಕ್ಷರ ಇಲ್ಲವೇ? ಹಾಗಿದ್ದರೆ ಅದು ಇನ್ನೂ ಚೀಲದಲ್ಲೇ ಇದೆ. ಈ ಆಟದಲ್ಲಿ ಕೊಂಡ ಮಾತ್ರಕ್ಕೆ ಆಯುಧ ಕೈಗೆ ಬರುವುದಿಲ್ಲ. ಎಕ್ವಿಪ್ ಆರಿಸಿ ಒಬ್ಬೊಬ್ಬರಿಗೂ ತೊಡಿಸಬೇಕು. ಕವಚದ ಕಥೆಯೂ ಅದೇ. ಹೊಸಬರ ಮೊದಲ ಸಾವು ಬಹುಪಾಲು ಇದರಿಂದಲೇ.

ಇನ್ನು ಹಣದ ಲೆಕ್ಕ. ಹೊಸಬರಿಗೆ ಫೈಟರ್ (ಕತ್ತಿಯ ಕಾದಾಳು), ಬ್ಲ್ಯಾಕ್ ಬೆಲ್ಟ್ (ಕರಾಟೆ ಪಟು), ವೈಟ್ ಮೇಜ್ (ಗಾಯ ವಾಸಿಮಾಡುವ ಮಂತ್ರವಾದಿ), ಬ್ಲ್ಯಾಕ್ ಮೇಜ್ (ಶತ್ರುವನ್ನು ಸುಡುವ ಮಂತ್ರವಾದಿ) ಇರುವ ತಂಡ ಸಾಕು. ಥೀಫ್ ಬೇಡ, ಆರಂಭದಲ್ಲಿ ಅವನಿಂದ ಉಪಯೋಗ ಕಡಿಮೆ. ಆಟದ ಶುರುವಿಗೆ ಕೈಯಲ್ಲಿರುವುದು 400. ಫೈಟರ್‌ಗೆ ರೇಪಿಯರ್ ಕತ್ತಿ 10, ಚೈನ್ ಕವಚ 80. ವೈಟ್ ಮೇಜ್‌ಗೆ ಕ್ಯೂರ್ ಮಂತ್ರ 100, ಬ್ಲ್ಯಾಕ್ ಮೇಜ್‌ಗೆ ಫೈರ್ 100. ಬ್ಲ್ಯಾಕ್ ಬೆಲ್ಟ್‌ಗೆ ಮರದ ನಂಚಾಕು 10, ವೈಟ್ ಮೇಜ್‌ಗೆ ಕಬ್ಬಿಣದ ಸುತ್ತಿಗೆ 10, ಬ್ಲ್ಯಾಕ್ ಮೇಜ್‌ಗೆ ಸಣ್ಣ ಚಾಕು 5. ಉಳಿದ ಮೂವರಿಗೆ ತಲಾ 10ರ ಬಟ್ಟೆ. ಒಟ್ಟು 345. ಮಿಕ್ಕ 55ರಲ್ಲಿ 30 ಒಂದು ರಾತ್ರಿಯ ಇನ್‌ಗೆ (ತಂಗುವ ಛತ್ರ) ಎತ್ತಿಡಿ. ಕ್ಯೂರ್‌ಗೆ 100 ದುಬಾರಿ ಅನ್ನಿಸಬಹುದು. ಆದರೆ 30 ಎಚ್‌ಪಿ (ಪ್ರಾಣಬಲದ ಅಂಕ) ತುಂಬುವ ಹೀಲ್ ಔಷಧಿ ಒಂದಕ್ಕೇ 60 ಆಗುವಾಗ, ಎರಡು ಸಲ ಬಳಸಿದರೆ ಮಂತ್ರದ ದುಡ್ಡು ವಾಪಸ್. ಲಾಕ್ ಮಂತ್ರಕ್ಕೆ ಮಾತ್ರ ಕಾಸು ಹಾಕಬೇಡಿ. ಈ ಆವೃತ್ತಿಯಲ್ಲಿ ಬಗ್‌ನಿಂದಾಗಿ ಅದು ಕೆಲಸವನ್ನೇ ಮಾಡುವುದಿಲ್ಲ.

ಸಾಲಿನ ಕ್ರಮವೂ ಮುಖ್ಯ. ಶತ್ರುವಿನ ಏಟು ಮೊದಲ ಸ್ಥಾನದವರಿಗೆ ಬೀಳುವ ಸಾಧ್ಯತೆ ಎಂಟರಲ್ಲಿ ನಾಲ್ಕು, ಎರಡನೆಯವರಿಗೆ ಎರಡು, ಕೊನೆಯ ಇಬ್ಬರಿಗೆ ಒಂದೊಂದು. ಬ್ಲ್ಯಾಕ್ ಮೇಜ್ ಮುಂದಿದ್ದರೆ ಎರಡು ಕಾಳಗಕ್ಕೇ ಮಲಗುತ್ತಾನೆ. ಸೆಲೆಕ್ಟ್ ಗುಂಡಿ ಒತ್ತಿ ಫೈಟರನ್ನು ಮೇಲಕ್ಕೆ ತನ್ನಿ.

ಈಗ ಕಾಳಗ. ಐದು ಇಂಪ್ ಎದುರಾದವು ಎನ್ನಿ. ನಾಲ್ವರಿಗೂ ಒಂದೇ ಇಂಪ್ ತೋರಿಸಿದರೆ ಫೈಟರನ ಏಟಿಗೇ ಅದು ಸಾಯುತ್ತದೆ, ಅದಕ್ಕಿರುವುದು 8 ಎಚ್‌ಪಿ ಅಷ್ಟೇ. ಉಳಿದ ಮೂವರ ಏಟು ಗಾಳಿಗೆ. ಪರದೆಯ ಮೇಲೆ 'ಇನೆಫೆಕ್ಟಿವ್' ಎಂದು ಬರುತ್ತದೆ. ಈಚಿನ ಆವೃತ್ತಿಗಳಲ್ಲಿ ಗುರಿ ತಾನಾಗಿ ಪಕ್ಕದ ಶತ್ರುವಿಗೆ ಹೊರಳುತ್ತದೆ, ಇದರಲ್ಲಿ ಇಲ್ಲ. ಯಾರು ಮೊದಲು ಹೊಡೆಯುತ್ತಾರೆಂಬುದೂ ಪ್ರತಿ ಸುತ್ತಿನಲ್ಲಿ ಅದೃಷ್ಟಕ್ಕೆ ಬಿಟ್ಟದ್ದು. ಹಾಗಾಗಿ ಫೈಟರ್‌ಗೆ ಒಂದು, ಬ್ಲ್ಯಾಕ್ ಬೆಲ್ಟ್‌ಗೆ ಇನ್ನೊಂದು, ಮೇಜ್‌ಗಳಿಬ್ಬರಿಗೂ ಸೇರಿ ಒಂದು ಎಂದು ಹಂಚಿ.

ಆ ಐದು ಇಂಪ್‌ಗಳಿಂದ ಸಿಗುವುದು 30 ಗೋಲ್ಡ್, ಸರಿಯಾಗಿ ಒಂದು ರಾತ್ರಿಯ ಇನ್ ಬಾಡಿಗೆ. ಅನುಭವವೂ 30, ಆದರೆ ಬದುಕಿದ್ದವರಿಗೆ ಹಂಚಿ ತಲಾ 7 ಬರುತ್ತದೆ. ಎರಡನೇ ಲೆವೆಲ್‌ಗೆ 40 ಬೇಕು. ಅಂದರೆ ಊರಿನ ಗೋಡೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಅಡ್ಡಾಡುತ್ತಾ ಇಂಥ ಆರು ಕಾಳಗ. ಮಂತ್ರಕ್ಕೆ ಇಲ್ಲಿ ಎಂಪಿ (ಮಂತ್ರಬಲದ ಅಂಕ) ಇಲ್ಲ, ಮಂತ್ರದ ಲೆವೆಲ್ಲಿಗೆ ಇಷ್ಟು ಸಲ ಎಂಬ ಲೆಕ್ಕ. ಶುರುವಿನಲ್ಲಿ ಎರಡೇ ಸಲ. ಅದು ಮುಗಿದೊಡನೆ ಇನ್‌ಗೆ ವಾಪಸ್. ಆಟ ಸೇವ್ ಆಗುವುದೂ ಅಲ್ಲೇ. ಸತ್ತವರು ಮಾತ್ರ ಇನ್‌ನಲ್ಲಿ ಏಳುವುದಿಲ್ಲ, ಕ್ಲಿನಿಕ್‌ಗೆ 40 ತೆರಬೇಕು.

ಎಲ್ಲರೂ ಮೂರನೇ ಲೆವೆಲ್ ಮುಟ್ಟಿದ ಮೇಲೆ ಉತ್ತರದ ಗುಡಿಗೆ ಹೋಗಿ. ಅಲ್ಲಿ ರಾಜಕುಮಾರಿಯನ್ನು ಸೆರೆಯಿಟ್ಟಿರುವ ಗಾರ್ಲಂಡ್‌ಗೆ 106 ಎಚ್‌ಪಿ. ದಾರಿಯಲ್ಲಿ ಫೈರ್ ಖರ್ಚು ಮಾಡದೆ ಅವನಿಗೇ ಉಳಿಸಿ. ರಾಜಕುಮಾರಿಯನ್ನು ಬಿಡಿಸಿದರೆ ರಾಜ ಸೇತುವೆ ಕಟ್ಟಿಸುತ್ತಾನೆ. ಅದರಾಚೆ ಪ್ರವೋಕಾ ಊರಿನಲ್ಲಿ ಒಂಬತ್ತು ಕಡಲ್ಗಳ್ಳರು ಒಟ್ಟಿಗೆ ಮೇಲೆ ಬೀಳುತ್ತಾರೆ. ನೋಡಿ ಬೆಚ್ಚಬೇಡಿ, ತಲೆಗೆ 6 ಎಚ್‌ಪಿ, ಇಂಪ್‌ಗಿಂತಲೂ ಕಡಿಮೆ. ನಾಲ್ವರಿಗೂ ಬೇರೆ ಬೇರೆ ಕಳ್ಳರನ್ನು ತೋರಿಸಿ, ಹಡಗು ನಿಮ್ಮದಾಗುತ್ತದೆ.