ಟೆನಿಸ್ ಹುಡುಗರ ಬೆನ್ನು ಮತ್ತು 52 ವಾರಗಳ ಲೆಕ್ಕ

ಮಂಗಳೂರಿನಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಟೆನಿಸ್ ಆಡುವ ಮಕ್ಕಳು ಬಂದರೆ ಮನೆಯವರು ಮೊದಲು ಕೇಳುವುದು ಮೊಣಕೈ ಬಗ್ಗೆ. 'ಟೆನಿಸ್ ಎಲ್ಬೋ' ಎಂಬ ಹೆಸರು ಎಲ್ಲರಿಗೂ ಗೊತ್ತಲ್ವಾ. ಅದು ಹೆಚ್ಚಾಗಿ ನಲವತ್ತರ ಆಸುಪಾಸಿನವರ ತೊಂದರೆ. ರ‍್ಯಾಕೆಟ್ ಮುಟ್ಟದವರಿಗೂ ಬರುತ್ತದೆ. ಹದಿನಾರರಿಂದ ಇಪ್ಪತ್ತರ ಪ್ರಾಯದಲ್ಲಿ, ಅಂದರೆ ವೃತ್ತಿಪರ ಆಟಕ್ಕೆ ಆಗಷ್ಟೇ ಕಾಲಿಡುವ ಹೊತ್ತಿನಲ್ಲಿ, ನಾನು ಜಾಸ್ತಿ ಹೆದರುವುದು ಬೆನ್ನಿನ ಕೆಳಭಾಗದ ನೋವಿಗೆ.

ಸರ್ವ್ ಮಾಡುವಾಗ ಏನಾಗುತ್ತದೆ ನೋಡಿ. ಚೆಂಡು ಮೇಲೆ ಎಸೆದು, ಮೊಣಕಾಲು ಬಗ್ಗಿಸಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಜೊತೆಗೇ ಮೈ ತಿರುಗಿಸಬೇಕು. ಸರ್ವ್‌ನ ಬಲದಲ್ಲಿ ಹೆಚ್ಚು ಕಡಿಮೆ ಅರ್ಧ ಬರುವುದೇ ಕಾಲು ಮತ್ತು ನಡುವಿನಿಂದ. ಹೀಗೆ ಬಾಗಿ ತಿರುಗಿದಾಗ ಬೆನ್ನುಮೂಳೆಯ ಹಿಂಭಾಗದ ಒಂದು ಕಿರಿದಾದ ಎಲುಬಿನ ಮೇಲೆ ಒತ್ತಡ ಬೀಳುತ್ತದೆ. ದಿನಾ ನೂರಾರು ಸಲ ಬಿದ್ದರೆ ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಇದೇ ಸ್ಟ್ರೆಸ್ ಫ್ರ್ಯಾಕ್ಚರ್. 2019ರಲ್ಲಿ ಬೂಮ್ರಾ ತಂಡದಿಂದ ಹೊರಗುಳಿದದ್ದೂ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದಲೇ. ಹದಿಹರೆಯದಲ್ಲಿ ಆ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ.

ಮೊದಮೊದಲು ಆಡುವಾಗ ಮಾತ್ರ ನೋವು. ಮಲಗಿ ಎದ್ದರೆ ಇಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದೆ ಹೋಗಬಹುದು. "ಎಕ್ಸ್‌ರೇ ನಾರ್ಮಲ್ ಉಂಟಲ್ಲ ಡಾಕ್ಟ್ರೇ, ಮತ್ತೆಂತ? ಸೋಮವಾರ ಮ್ಯಾಚ್ ಉಂಟು, ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಅನ್ನುವ ಅಪ್ಪಂದಿರಿದ್ದಾರೆ. (ಇಂಜೆಕ್ಷನ್ ಕೊಡುವುದು ಫಿಸಿಯೋ ಕೆಲಸ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೆ.) ಎಂಆರ್‌ಐ ಮಾಡಿಸಿದರೆ, ಬಿರುಕು ಬಿಡುವ ಮೊದಲೇ ಎಲುಬಿನೊಳಗಿನ ಊತ ಕಾಣಿಸುತ್ತದೆ. ಆಗಲೇ ಆಟ ನಿಲ್ಲಿಸಿ ಸುಮಾರು ಮೂರು ತಿಂಗಳು ಕೊಟ್ಟರೆ ಹೆಚ್ಚಿನವರು ಸರಿಹೋಗುತ್ತಾರೆ.

ಆದರೆ ಆ ಮೂರು ತಿಂಗಳು ಕೊಡುವವರು ಕಡಿಮೆ. ಹುಡುಗರನ್ನು ಬೈದು ಪ್ರಯೋಜನ ಇಲ್ಲ, ಈ ಆಟದ ಲೆಕ್ಕವೇ ಹಾಗಿದೆ.

ಹುಡುಗರು ಶುರು ಮಾಡುವುದು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವಾದ ಐಟಿಎಫ್‌ನ ಕೆಳಗಿನ ಮೆಟ್ಟಿಲಿನ ಎಂ15 ಟೂರ್ನಮೆಂಟ್‌ಗಳಿಂದ. ಹಳಬರು ಈಗಲೂ ಫ್ಯೂಚರ್ಸ್ ಅನ್ನುತ್ತಾರೆ. ಒಟ್ಟು ಬಹುಮಾನ 15,000 ಡಾಲರ್. ಕೇಳಲು ಚೆನ್ನಾಗಿದೆ. ಸಿಂಗಲ್ಸ್ ಗೆದ್ದವನಿಗೆ ಸಿಗುವುದು ಎರಡು ಸಾವಿರ ಡಾಲರ್ ಆಸುಪಾಸು. ಮೊದಲ ಸುತ್ತಿನಲ್ಲಿ ಸೋತರೆ ನೂರೈವತ್ತರ ಹತ್ತಿರ. ಹೋಟೆಲ್, ಊಟ, ಸ್ಟ್ರಿಂಗ್ ಎಲ್ಲ ಅದರಲ್ಲೇ. ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಎಟಿಪಿಯ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಒಂದು ಪಾಯಿಂಟ್, ಪ್ರಶಸ್ತಿ ಗೆದ್ದರೆ 15. ರ‍್ಯಾಂಕ್ ನಿರ್ಧರಿಸುವ ಆ ಪಾಯಿಂಟ್ ಕೂಡ ಖಾತೆಯಲ್ಲಿ ಉಳಿಯುವುದು 52 ವಾರ ಮಾತ್ರ. ಹೋದ ನವೆಂಬರ್‌ನಲ್ಲಿ ಗಳಿಸಿದ್ದು ಈ ನವೆಂಬರ್‌ನಲ್ಲಿ ಉದುರಿಹೋಗುತ್ತದೆ. ಬೆನ್ನು ನೋವೆಂದು ಮನೆಯಲ್ಲಿ ಕೂತವನ ರ‍್ಯಾಂಕ್ ಕುಸಿದರೆ ಮತ್ತೆ ಅರ್ಹತಾ ಸುತ್ತಿನಿಂದ ಆಡಬೇಕು. ಅಂದರೆ ಈಗಷ್ಟೇ ಗುಣವಾದ ಬೆನ್ನಿಗೆ ಮುಂಚಿಗಿಂತ ಜಾಸ್ತಿ ಪಂದ್ಯ.

ಗಾಯಗೊಂಡವರಿಗೆ 'ಪ್ರೊಟೆಕ್ಟೆಡ್ ರ‍್ಯಾಂಕಿಂಗ್' ಎಂಬ ಸೌಲಭ್ಯ ಇದೆ, ನಿಜ. ಹಳೆಯ ರ‍್ಯಾಂಕ್ ಲೆಕ್ಕದಲ್ಲಿ ಕೆಲವು ಟೂರ್ನಮೆಂಟ್‌ಗೆ ಪ್ರವೇಶ ಸಿಗುತ್ತದೆ. ಆದರೆ ಅದು ಕನಿಷ್ಠ ಆರು ತಿಂಗಳು ಹೊರಗಿದ್ದವರಿಗೆ. ಗಾಯ ದೊಡ್ಡದಾದರೆ ರಕ್ಷಣೆ ಉಂಟು, ದೊಡ್ಡದಾಗದ ಹಾಗೆ ಮೂರು ತಿಂಗಳು ಕೂತವನಿಗೆ ಇಲ್ಲ. ನನಗಂತೂ ಇದು ಉಲ್ಟಾ ನಿಯಮ ಅನ್ನಿಸುತ್ತದೆ.

ನಮ್ಮ ದೇಶದ ಟೆನಿಸ್ ಆಟಗಾರ ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಗೆದ್ದವರು. ಜೂನಿಯರ್ ವಿಶ್ವ ನಂಬರ್ ಒನ್ ಆಗಿದ್ದವರು. 2018ರಲ್ಲಿ ಸಿಂಗಲ್ಸ್‌ನಲ್ಲಿ 83ನೇ ರ‍್ಯಾಂಕ್ ಮುಟ್ಟಿದರು. ಅದೇ ವರ್ಷದ ಕೊನೆಗೆ ಮೊಣಕಾಲು ಕೈಕೊಟ್ಟಿತು. ಎರಡು ವರ್ಷಕ್ಕೂ ಹೆಚ್ಚು ಆಟ ಇಲ್ಲ. ಮರಳಿದ ಮೇಲೆ ಡಬಲ್ಸ್‌ಗೆ ಹೊರಳಿದರು. ಸುಮಿತ್ ನಾಗಲ್ ಅಂತೂ 2023ರಲ್ಲಿ ಭಾರತದ ನಂಬರ್ ಒನ್ ಆಗಿದ್ದಾಗಲೇ ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೋ ಎಂದು ಹೇಳಿಕೊಂಡರು. ಹಾಗಿರುವಾಗ 800ನೇ ರ‍್ಯಾಂಕಿನ ಹುಡುಗ ಸ್ವಂತ ಫಿಸಿಯೋ ಕರೆದುಕೊಂಡು ಊರೂರು ತಿರುಗುವುದು ಎಲ್ಲಿಂದ? ಹೋಟೆಲ್ ರೂಮಿನಿಂದ ವಿಡಿಯೋ ಕಾಲ್ ಮಾಡುತ್ತಾನೆ. ಪರದೆಯಲ್ಲಿ ಬೆನ್ನು ಮುಟ್ಟಿ ನೋಡಲು ಆಗುವುದಿಲ್ಲವಲ್ಲ.

ಹುಡುಗಿಯರ ವಿಷಯದಲ್ಲಿ ಒಂದು ಕಡಿವಾಣ ಇದೆ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 13ನೇ ವಯಸ್ಸಿಗೇ ವೃತ್ತಿಪರ ಆಟಕ್ಕೆ ಇಳಿದು ಕೆಲವೇ ವರ್ಷಗಳಲ್ಲಿ ಬಳಲಿಹೋದರು. ಆ ದಶಕದ ಮಧ್ಯದಲ್ಲಿ ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ ವಯಸ್ಸಿನ ನಿಯಮ ಬಿಗಿ ಮಾಡಿತು. 18 ತುಂಬುವವರೆಗೆ ವರ್ಷಕ್ಕೆ ಇಷ್ಟೇ ಟೂರ್ನಮೆಂಟ್ ಅಂತ ಮಿತಿ ಇದೆ. ಹುಡುಗರಿಗೆ 16 ತುಂಬಿದ ಮೇಲೆ ಮಿತಿ ಇಲ್ಲ. ಎಲುಬು ತಡವಾಗಿ ಬಲಿಯುವುದು ಹುಡುಗರಿಗೇ!

ನಮ್ಮ ಕರಾವಳಿಯಲ್ಲಿ ಇದರ ಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಕೋರ್ಟಿನಲ್ಲಿ ಆಟ ನಡೆದರೆ ನಡೆಯಿತು. ಬಿಸಿಲು ಬಂದ ಕೂಡಲೇ ಹುಡುಗರು ಒಂದೇ ವಾರದಲ್ಲಿ ಮಳೆಗಾಲಕ್ಕೆ ಮುಂಚಿನಷ್ಟೇ ಆಟಕ್ಕೆ ಹಾರುತ್ತಾರೆ. ಇಲ್ಲವೇ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ಬೆಂಗಳೂರಲ್ಲಿ ಇಳಿದು, ಬೆಳಿಗ್ಗೆಯೇ ಸಿಮೆಂಟ್ ಕೋರ್ಟಿಗೆ. ಎಲುಬಿಗೆ ಕಷ್ಟವಾಗುವುದು ಇಂಥ ದಿಢೀರ್ ಏರಿಕೆಯೇ. ಹಾಗಾಗಿ ಮಳೆಗಾಲದಲ್ಲಿ ಕಾಲು, ಸೊಂಟ, ಹೊಟ್ಟೆಯ ಸ್ನಾಯು ಗಟ್ಟಿ ಮಾಡುವ ಕೆಲಸ ಕೊಡುತ್ತೇನೆ. ಅಕ್ಟೋಬರ್‌ನಿಂದ ಪ್ರತಿ ದಿನದ ಸರ್ವ್ ಎಣಿಸಿ ಬರೆದಿಡಲು ಹೇಳುತ್ತೇನೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಬೇಕು. ಚೆಂಡು ಎತ್ತರಕ್ಕೆ ಪುಟಿಯುವ ಕಿಕ್ ಸರ್ವ್ ಕೊನೆಗೆ, ಅದಕ್ಕೆ ಬೆನ್ನು ಜಾಸ್ತಿ ಬಾಗುತ್ತದೆ. ಕೋಚ್‌ಗಳಿಗೆ ಸರ್ವ್ ಎಣಿಸಿ ಬರೆದ ಈ ಪುಸ್ತಕ ಕಂಡರೆ ಅಷ್ಟಕ್ಕಷ್ಟೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂಟಿ ಕಾಲಲ್ಲಿ ನಿಂತು ಮೆಲ್ಲ ಹಿಂದಕ್ಕೆ ಬಾಗಿ. ಬೆನ್ನಿನ ಒಂದೇ ಬದಿ ಚುಚ್ಚಿದರೆ, ಎರಡು ವಾರ ದಾಟಿದರೂ ಹೋಗದಿದ್ದರೆ, ವೈದ್ಯರ ಹತ್ತಿರ ಎಂಆರ್‌ಐ ವಿಷಯ ಎತ್ತಿ. ಈ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ, ಚುಚ್ಚದೆ ಇದ್ದ ಮಾತ್ರಕ್ಕೆ ಬಿರುಕಿಲ್ಲ ಎಂದೇನಿಲ್ಲ. ಹೆಸರು ಕೊಟ್ಟ ಟೂರ್ನಮೆಂಟ್ ಇದ್ದರೆ ಗಡುವಿನೊಳಗೆ ವಾಪಸ್ ತೆಗೆದುಕೊಳ್ಳಿ, ಅದಕ್ಕೆ ದಂಡ ಇಲ್ಲ.