ಉಳುತ್ತಿದ್ದವರ ಹೆಸರು ಸೇಸಿನ್‌ನಲ್ಲಿ ಸಿಗುವುದಿಲ್ಲ

ಸ್ಕಾಟ್ಲೆಂಡ್‌ನ ಸೇಸಿನ್ ರಿಜಿಸ್ಟರ್‌ನಲ್ಲಿ, ಅಂದರೆ ಜಮೀನಿನ ಹಕ್ಕು ದಾಖಲಿಸುವ ಹಳೆಯ ರಿಜಿಸ್ಟರ್‌ನಲ್ಲಿ, ಹಿರಿಯರನ್ನು ಹುಡುಕಲು ಬಂದವರಿಂದ ಈ ಮಾತು ಕೇಳಿದ್ದು ಈ ತಿಂಗಳಲ್ಲಿ ಇದು ಮೂರನೇ ಸಲ. "ನಮ್ಮ ಮುತ್ತಜ್ಜನಿಗೆ ಅಬರ್ಡೀನ್‌ಶೈರ್‌ನಲ್ಲಿ 120 ಎಕರೆ ಇತ್ತು. ರಿಜಿಸ್ಟರ್‌ನಲ್ಲಿ ಹೆಸರೇ ಇಲ್ಲ. ಯಾರೋ ಮೋಸ ಮಾಡಿದ್ದಾರೆ." ಎಕರೆ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ, ಹಳೆಯ ಜನಗಣತಿ ಹಾಳೆ ತೋರಿಸುತ್ತಾರೆ. ಅದರಲ್ಲಿರುವುದು 'ಫಾರ್ಮರ್, 120 ಎಕರೆ' ಅಂತ. ಅಂದರೆ ಅಷ್ಟು ನೆಲ ಉಳುತ್ತಿದ್ದರು, ಅಷ್ಟೇ. ನೆಲ ಅವರದ್ದು ಅಂತ ಅಲ್ಲಿ ಯಾರೂ ಬರೆದಿಲ್ಲ.

ಸೇಸಿನ್ ರಿಜಿಸ್ಟರ್ 1617ರಿಂದ ಇದೆ. ಆಗೆಲ್ಲ ಜಮೀನಿನ ಮೇಲೇ ನಿಂತು, ಮಣ್ಣು ಮತ್ತು ಕಲ್ಲನ್ನು ಕೈಗಿಟ್ಟು ಸ್ವಾಧೀನ ಕೊಡುತ್ತಿದ್ದರು. ಸಾಲ್ಮನ್ ಮೀನು ಹಿಡಿಯುವ ಹಕ್ಕಾದರೆ ಬಲೆ ಮತ್ತು ದೋಣಿ. 1845ರಲ್ಲಿ ಈ ಶಾಸ್ತ್ರದ ಅಗತ್ಯ ಹೋಯಿತು. ನನಗೆ ತುಂಬಾ ಪ್ರೀತಿಯ ವಿಷಯ ಇದು, ಅದಕ್ಕೇ ಹೇಳಿದೆ. ಆದರೆ ಆ ಮಣ್ಣು ಕೈಗೆ ಬರುತ್ತಿದ್ದದ್ದು ಮಾಲೀಕನಿಗೆ. ಗೇಣಿಗೆ ಉಳುವ ಒಕ್ಕಲಿಗೆ ಅಲ್ಲ.

ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮ ಪಹಣಿಯಲ್ಲಿ ಮಾಲೀಕರಿಗೆ ಒಂದು ಕಾಲಂ, ಸಾಗುವಳಿ ಮಾಡುವವರಿಗೆ ಇನ್ನೊಂದು. ಸೇಸಿನ್‌ನಲ್ಲಿ ಆ ಎರಡನೇ ಕಾಲಂ ಇಲ್ಲವೇ ಇಲ್ಲ. ಸ್ಕಾಟ್ಲೆಂಡ್‌ನ ಹೆಚ್ಚಿನ ರೈತರು ಗೇಣಿಗೆ ಉಳುತ್ತಿದ್ದರು. 19 ವರ್ಷದ ಗೇಣಿ ಕರಾರು ಅಲ್ಲಿ ಮಾಮೂಲಿ. ಮೂರು ತಲೆಮಾರು ಒಂದೇ ಹೊಲದಲ್ಲಿ ದುಡಿದು ಸತ್ತರೂ ಈ ರಿಜಿಸ್ಟರ್‌ನಲ್ಲಿ ಒಂದು ಸಾಲೂ ಸಿಗದಿರಬಹುದು. ಹೆಸರಿಲ್ಲ ಅಂದರೆ ಮನುಷ್ಯ ಇರಲಿಲ್ಲ ಅಂತಲ್ಲ, ಮೋಸವಾಯಿತು ಅಂತಲೂ ಅಲ್ಲ.

ಹೆಸರು ಸಿಕ್ಕಾಗಲೂ ಅವಸರ ಬೇಡ. ಜಮೀನಿನ ಮೇಲೆ ಸಾಲ ಕೊಟ್ಟವನ ಹೆಸರೂ ಅಲ್ಲಿ ಬರುತ್ತದೆ. 1781ರಿಂದ ಪತ್ರಗಳ ಸಾರಾಂಶಗಳಿವೆ, ಹುಡುಕಲು ಸುಲಭ. ಆದರೂ ಪೂರ್ತಿ ಪತ್ರ ಓದದೆ 'ಕೊಂಡರು' ಎಂದು ನಾನಂತೂ ಬರೆದುಕೊಡುವುದಿಲ್ಲ.

ಒಕ್ಕಲನ್ನು ಹುಡುಕಬೇಕಾದರೆ ವ್ಯಾಲ್ಯುಯೇಷನ್ ರೋಲ್ ನೋಡಿ, ಅಂದರೆ ತೆರಿಗೆಗಾಗಿ ಆಸ್ತಿಗಳ ಬಾಡಿಗೆ ಬೆಲೆ ಬರೆದಿಟ್ಟ ಪಟ್ಟಿ. 1855ರಿಂದ ಪ್ರತಿ ವರ್ಷದ್ದೂ ಇದೆ. ಮಾಲೀಕ, ಗೇಣಿದಾರ, ವಾಸವಿರುವವರು, ಮೂವರಿಗೂ ಬೇರೆ ಬೇರೆ ಕಾಲಂ. ವರ್ಷಕ್ಕೆ 4 ಪೌಂಡ್‌ಗಿಂತ ಕಡಿಮೆ ಬಾಡಿಗೆಯ ಗುಡಿಸಲಾದರೆ ಹೆಸರು ಬಿಟ್ಟಿರುವುದೂ ಉಂಟು. ಅದಕ್ಕೂ ಹಿಂದಿನದಾದರೆ ಜಮೀನ್ದಾರರ ಗೇಣಿ ಪುಸ್ತಕಗಳೇ ಗತಿ. ಅವು ಉಳಿದಿದ್ದರೆ ಪುಣ್ಯ.

ಕೆನಡಾದಿಂದ ಬಂದಿದ್ದ ಒಬ್ಬ ನಿವೃತ್ತ ಟೀಚರ್ ಇದನ್ನೆಲ್ಲ ಕೇಳಿ ಸಪ್ಪಗಾದರು. "ಹಾಗಾದರೆ ನಮ್ಮ ಮುತ್ತಜ್ಜ ಬರೀ ಒಕ್ಕಲಾ?" ಅಂದರು. ನಾನು ರೋಲ್‌ಗಳನ್ನು ಒಂದೊಂದೇ ತೆರೆದೆ. ಅದೇ ಹೊಲ, ಅದೇ ಹೆಸರು, ವರ್ಷ ವರ್ಷವೂ. ಒಂದು ವರ್ಷದ ಗೇಣಿದಾರರ ಕಾಲಂನಲ್ಲಿ ಮಾತ್ರ ಮುತ್ತಜ್ಜನ ಹೆಂಡತಿಯ ಹೆಸರಿತ್ತು, ಪಕ್ಕದಲ್ಲಿ 'ವಿಧವೆ' ಎಂದು. ಮುತ್ತಜ್ಜ ತೀರಿಕೊಂಡ ಮೇಲೆ ಅಷ್ಟು ಎಕರೆಯನ್ನು ಆಕೆಯೇ ನಡೆಸಿದ್ದರು. ಮನೆಯಲ್ಲಿ ಯಾರೂ ಆಕೆಯ ಬಗ್ಗೆ ಹೇಳಿಯೇ ಇರಲಿಲ್ಲವಂತೆ. ಟೀಚರ್ ಪೆನ್ಸಿಲ್ ತೆಗೆದು ಆ ಹೆಸರು ಬರೆದುಕೊಂಡರು. ಆಮೇಲೆ, "ಮುಂದಿನ ವರ್ಷದ್ದು ತೆಗೀರಿ" ಅಂದರು.