ಮಾನ್ಯತೆ ಇಲ್ಲದಿರುವುದು ಶಾಲೆಗೆ, ಮಗುವಿಗಲ್ಲ

ಜೂನ್ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಗಿ ನಿವೃತ್ತನಾಗಿ ಕೆಲವು ವರ್ಷ ಕಳೆದಿವೆ. ಆದರೂ ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರು ಈಗಲೂ ಫೋನ್ ಮಾಡಿ ಸಲಹೆ ಕೇಳುತ್ತಾರೆ. ಅದು ನನಗೆ ಖುಷಿಯ ವಿಷಯವೇ. ಆದರೆ ವರ್ಷ ಬದಲಾದರೂ ಪ್ರಶ್ನೆ ಬದಲಾಗುವುದಿಲ್ಲ. "ಸಾರ್, ಒಂದು ಮಗು ಬಂದಿದೆ. ಹಿಂದೆ ಓದಿದ ಶಾಲೆಗೆ ಮಾನ್ಯತೆ ಇಲ್ಲವಂತೆ, ಟಿಸಿಯೂ ಇಲ್ಲ. ಸೇರಿಸಿಕೊಂಡರೆ ನಮಗೇನಾದರೂ ತೊಂದರೆ ಆಗುತ್ತಾ?"

ಕೇಳುವವರ ಬಗ್ಗೆ ನನಗೆ ಬೇಸರವಿಲ್ಲ. ಯಾರನ್ನೂ ಕೇಳದೆ "ಟಿಸಿ ತಗೊಂಡು ಬನ್ನಿ" ಎಂದು ಮಗುವನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾರಲ್ಲ, ಅವರ ಬಗ್ಗೆ ಬೇಸರ. ಅವರೇನೂ ಕೆಟ್ಟವರಲ್ಲ, ಬಹುತೇಕ ಒಳ್ಳೆಯ ಮೇಷ್ಟರುಗಳೇ. ಭಯದಿಂದ ಹಾಗೆ ಮಾಡುತ್ತಾರೆ. ಆ ಭಯ ಹೋಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸದಲ್ಲಿದ್ದಾಗ ಒಂದು ದಿನ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. ಹುಡುಗಿ 4ನೇ ತರಗತಿ ಮುಗಿಸಿದ್ದಳು. ಅವಳು ಓದುತ್ತಿದ್ದ ಖಾಸಗಿ ಶಾಲೆ ಬೇಸಿಗೆ ರಜೆಯಲ್ಲೇ ಬಾಗಿಲು ಹಾಕಿಕೊಂಡಿತ್ತು. ಬೋರ್ಡನ್ನೂ ಕಿತ್ತುಕೊಂಡು ಹೋಗಿದ್ದರು. ತಾಯಿಯ ಕೈಯಲ್ಲಿದ್ದದ್ದು ಫೀಸು ಕಟ್ಟಿದ ನಾಲ್ಕು ಚೀಟಿ, ಒಂದು ಅಂಕಪಟ್ಟಿ, ಅಷ್ಟೇ. ಎರಡು ಸರ್ಕಾರಿ ಶಾಲೆಗಳಿಗೆ ಹೋಗಿ ಬಂದಿದ್ದರು. ಮಗು ಹಳೇ ಶಾಲೆಯ ಯೂನಿಫಾರ್ಮಿನಲ್ಲೇ ಇತ್ತು, ಟೈ ಸಮೇತ. ಅವಳ ಬಳಿ ಇದ್ದ ಒಳ್ಳೆಯ ಬಟ್ಟೆ ಅದೊಂದೇ ಎಂದು ಆಮೇಲೆ ಗೊತ್ತಾಯಿತು.

ಅದರಲ್ಲಿ ಒಂದು ಶಾಲೆಯ ಮುಖ್ಯ ಶಿಕ್ಷಕರನ್ನು ಕರೆಸಿದೆ. ಅವರು ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಅನಧಿಕೃತ ಶಾಲೆಗಳ ಪಟ್ಟಿ. "ನಿಮ್ಮ ಕಚೇರಿಯಿಂದಲೇ ಬಂದದ್ದು ಸಾರ್" ಎಂದರು. ನಿಜ, ಅದು ನಾನೇ ಸಹಿ ಮಾಡಿದ ಪ್ರಕಟಣೆ. ಅದರಲ್ಲಿ ಇದ್ದದ್ದೇನು? 'ಪೋಷಕರು ಈ ಶಾಲೆಗಳಿಗೆ ಮಕ್ಕಳನ್ನು ಸೇರಿಸಬಾರದು' ಎಂದು. ಪೋಷಕರಿಗೆ ಕೊಟ್ಟ ಎಚ್ಚರಿಕೆ ಅದು. ಅವರು ಅದನ್ನು 'ಈ ಶಾಲೆಗಳಿಂದ ಬಂದ ಮಕ್ಕಳನ್ನು ಸೇರಿಸಿಕೊಳ್ಳಬಾರದು' ಎಂದು ಓದಿಕೊಂಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಹಾಗಾಗಿ ಒಂದೇ ವಿಷಯವನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ. ಗೊತ್ತಿರುವವರು ಬೇಸರ ಮಾಡಿಕೊಳ್ಳಬೇಡಿ.

ಮಾನ್ಯತೆ ಅನ್ನುವುದು ಸರ್ಕಾರ ಮತ್ತು ಶಾಲೆಯ ಆಡಳಿತ ಮಂಡಳಿಯ ನಡುವಿನ ವಿಷಯ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ನೋಂದಣಿಯೇ ಬೇರೆ, ಮಾನ್ಯತೆಯೇ ಬೇರೆ. ಮಾನ್ಯತೆಯ ಮಾತು 36ನೇ ಸೆಕ್ಷನ್‌ನಲ್ಲಿ ಬರುತ್ತದೆ, ಅದನ್ನು ಹಿಂತೆಗೆದುಕೊಳ್ಳುವ ಮಾತು 39ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ರಂದು. ಮಾನ್ಯತೆ ಪತ್ರ ಇಲ್ಲದೆ ಖಾಸಗಿ ಶಾಲೆ ನಡೆಸಬಾರದು ಎನ್ನುತ್ತದೆ ಅದರ 18ನೇ ಸೆಕ್ಷನ್. ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಆಮೇಲೂ ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ಈ ದಂಡ ಯಾರಿಗೆ? ಶಾಲೆ ನಡೆಸಿದವರಿಗೆ. ಅಲ್ಲಿ ಓದಿದ ಮಗುವಿಗೆ ಶಿಕ್ಷೆ ಎಂಬ ಮಾತು ಇಡೀ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಬೇಕಾದರೆ ಮೊದಲಿಂದ ಕೊನೆಯವರೆಗೆ ಓದಿ ನೋಡಿ, ದೊಡ್ಡ ಕಾಯ್ದೆಯೇನಲ್ಲ.

ಅಷ್ಟೇ ಅಲ್ಲ. ಅದೇ 18ನೇ ಸೆಕ್ಷನ್‌ನ 3ನೇ ಉಪಸೆಕ್ಷನ್‌ಗೆ ಒಂದು ಪರಂತುಕ, ಅಂದರೆ 'ಆದರೆ' ಎಂದು ಸೇರಿಸಿದ ಷರತ್ತು ಇದೆ. ನಾನು ತರಬೇತಿಗೆ ಹೋದಲ್ಲೆಲ್ಲ ಇದನ್ನು ಗಟ್ಟಿಯಾಗಿ ಓದಿಸುತ್ತಿದ್ದೆ. ಒಂದು ಶಾಲೆಯ ಮಾನ್ಯತೆ ತೆಗೆಯುವ ಆದೇಶದಲ್ಲೇ, ಅಲ್ಲಿ ಓದುತ್ತಿರುವ ಮಕ್ಕಳನ್ನು ನೆರೆಯ ಯಾವ ಶಾಲೆಗೆ ಸೇರಿಸಬೇಕು ಎಂದೂ ಹೇಳಿರಬೇಕು. ಅಂದರೆ ಶಾಲೆ ಹೋದರೂ ಮಗು ಬೀದಿಯಲ್ಲಿ ನಿಲ್ಲಬಾರದು ಎಂದು ಕಾಯ್ದೆ ಬರೆದವರು ಮೊದಲೇ ಯೋಚಿಸಿದ್ದಾರೆ. ಆ ನೆರೆಯ ಶಾಲೆ ಎಂದರೆ ಬಹಳ ಸಲ ನಿಮ್ಮದೇ, ಅಲ್ವಾ?

ಇನ್ನು ಟಿಸಿ. 5ನೇ ಸೆಕ್ಷನ್ ನೋಡಿ. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬೇಕೆಂದರೆ ಹಳೇ ಶಾಲೆಯವರು ಕೂಡಲೇ ಟಿಸಿ ಕೊಡಬೇಕು. ಟಿಸಿ ತರುವುದು ತಡವಾಯಿತು ಎಂಬ ಕಾರಣಕ್ಕೆ ಪ್ರವೇಶವನ್ನು ಮುಂದೂಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಶಾಲೆಗೇ ಹೋಗದ, ಅಥವಾ ಅರ್ಧಕ್ಕೆ ನಿಂತ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎನ್ನುತ್ತದೆ 4ನೇ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲ ಎಂದು ನಿರಾಕರಿಸಬಾರದು ಎನ್ನುತ್ತದೆ 14. ಪ್ರವೇಶದ ಅವಧಿ ಮುಗಿದಿದೆ ಎಂದೂ ನಿರಾಕರಿಸಬಾರದು ಎನ್ನುತ್ತದೆ 15. ವಾಪಸ್ ಕಳಿಸಲು ಇರುವ ಒಂದೊಂದು ನೆಪಕ್ಕೂ ಒಂದೊಂದು ಸೆಕ್ಷನ್ ಉತ್ತರ ಕೊಡುತ್ತದೆ. ಇವೆಲ್ಲ 6ರಿಂದ 14 ವರ್ಷದ ಮಕ್ಕಳಿಗೆ, 8ನೇ ತರಗತಿವರೆಗೆ. 9 ಮತ್ತು 10ರ ಮಾತು ಬೇರೆ, ಕೊನೆಯಲ್ಲಿ ಹೇಳುತ್ತೇನೆ.

"ಹಾಗಾದರೆ ಮಾನ್ಯತೆಗೆ ಬೆಲೆಯೇ ಇಲ್ವಾ ಸಾರ್?" ಎಂದು ಒಬ್ಬ ಯುವ ಶಿಕ್ಷಕಿ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಖಂಡಿತ ಬೆಲೆ ಇದೆ. 2004ರ ಜುಲೈನಲ್ಲಿ ತಮಿಳುನಾಡಿನ ಕುಂಭಕೋಣಂನ ಒಂದು ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಮೇಲೆ ಗರಿಯ ಚಾವಣಿ, ಇಕ್ಕಟ್ಟಾದ ಕಟ್ಟಡ. ಆ ದುರಂತದ ನಂತರ ನಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಶಾಲೆಗಳ ಸುರಕ್ಷತೆಯ ಬಗ್ಗೆ ನಿರ್ದೇಶನ ಕೊಟ್ಟಿತು. ಮಾನ್ಯತೆ ನವೀಕರಣಕ್ಕೆ ಬಂದ ಖಾಸಗಿ ಶಾಲೆಯವರು "ಕಟ್ಟಡದ ಸರ್ಟಿಫಿಕೇಟು, ಅಗ್ನಿಶಾಮಕ ಸರ್ಟಿಫಿಕೇಟು ಎಂದು ಸುಮ್ನೆ ಸತಾಯಿಸುತ್ತೀರಿ" ಎನ್ನುತ್ತಿದ್ದರು. ನಾನು ಅವರಿಗೆ ಆ 94 ಮಕ್ಕಳ ವಿಷಯ ಹೇಳುತ್ತಿದ್ದೆ. ಮಾನ್ಯತೆ ಎಂಬ ವ್ಯವಸ್ಥೆ ಇರುವುದೇ ಮಗುವನ್ನು ಕಾಯುವುದಕ್ಕೆ. ಅದನ್ನೇ ಹಿಡಿದು ಮಗುವನ್ನು ಹೊರಗೆ ನಿಲ್ಲಿಸಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಾನ್ಯತೆ ಇಲ್ಲ ಎಂದರೆ ಎಲ್ಲ ಕಡೆ ಒಂದೇ ಅರ್ಥವೂ ಅಲ್ಲ. ಕೆಲವು ಶಾಲೆಗಳಿಗೆ ಮೊದಲಿಂದಲೂ ಅನುಮತಿಯೇ ಇರುವುದಿಲ್ಲ. ಕೆಲವಕ್ಕೆ 5ನೇ ತರಗತಿವರೆಗೆ ಅನುಮತಿ ಇರುತ್ತದೆ, ನಡೆಸುವುದು 7ರವರೆಗೆ. ಅನುಮತಿ ರಾಜ್ಯ ಪಠ್ಯಕ್ರಮಕ್ಕೆ, ಬೋರ್ಡಿನ ಮೇಲೆ ಬರೆದದ್ದು ಸಿಬಿಎಸ್‌ಇ. ಅನುಮತಿ ಕನ್ನಡ ಮಾಧ್ಯಮಕ್ಕೆ, ಪಾಠ ಇಂಗ್ಲಿಷಿನಲ್ಲಿ. ಇನ್ನು ಕೆಲವರದ್ದು ಬರೀ ನವೀಕರಣ ಬಾಕಿ. ಕಚೇರಿಯಲ್ಲಿ ಕೂತು ಪಟ್ಟಿ ಮಾಡುವಾಗ ನಮಗೇ ಇವನ್ನು ಬೇರೆ ಬೇರೆ ಮಾಡುವುದು ಕಷ್ಟವಾಗುತ್ತಿತ್ತು. ಹೀಗಿರುವಾಗ ತಿಂಗಳಿಗೊಮ್ಮೆ ಕಂತು ಕಟ್ಟುವ ಒಬ್ಬ ಗಾರೆ ಕೆಲಸದ ಅಪ್ಪನಿಗೆ ಅದು ಹೇಗೆ ಗೊತ್ತಾಗಬೇಕು? "ಯಾಕಮ್ಮಾ ಅಂಥ ಶಾಲೆಗೆ ಸೇರಿಸಿದ್ರಿ?" ಎಂದು ಮಗುವಿನ ಎದುರೇ ಕೇಳುವ ಮೇಷ್ಟರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಕೇಳಬೇಡಿ. ಅವರು ಈಗಾಗಲೇ ದುಡ್ಡೂ ಕಳೆದುಕೊಂಡಿದ್ದಾರೆ, ಮಾನವೂ ಹೋಯಿತೆಂದು ಕುಗ್ಗಿದ್ದಾರೆ.

ಮುಖ್ಯ ಶಿಕ್ಷಕರ ಇನ್ನೊಂದು ಭಯ ಸ್ಯಾಟ್ಸ್, ಅಂದರೆ ವಿದ್ಯಾರ್ಥಿಗಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ. ಮಗುವಿನ ಹೆಸರು ಹಳೇ ಶಾಲೆಯ ಲಾಗಿನ್‌ನಲ್ಲೇ ಉಳಿದಿದೆ, ಅವರು ಬಿಟ್ಟುಕೊಡುತ್ತಿಲ್ಲ. ಅಥವಾ ಹೆಸರು ಎಲ್ಲೂ ಸಿಗುತ್ತಿಲ್ಲ. ಇದು ನಿಜವಾದ ತಲೆನೋವು, ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಫ್ಟ್‌ವೇರ್‌ನ ತೊಂದರೆಯನ್ನು ಸಾಫ್ಟ್‌ವೇರ್‌ನಲ್ಲೇ ಬಗೆಹರಿಸಿಕೊಳ್ಳಬೇಕು. ಮಗು ಅಷ್ಟು ದಿನ ತರಗತಿಯಲ್ಲಿ ಕೂತಿರಲಿ. ಪೋಷಕರಿಂದ ಒಂದು ಅರ್ಜಿ ಬರೆಸಿಕೊಳ್ಳಿ. ಟಿಸಿ ಯಾಕೆ ಇಲ್ಲ ಎಂಬುದನ್ನು ಅದರಲ್ಲೇ ಬರೆಸಿ. ದಾಖಲಾತಿ ಪುಸ್ತಕದ ಷರಾ ಕಲಂನಲ್ಲಿ ಇದ್ದದ್ದನ್ನು ಇದ್ದ ಹಾಗೆ ನಮೂದಿಸಿ. ಅದೇ ದಿನ ಬಿಇಒ ಕಚೇರಿಗೆ ಒಂದು ಪತ್ರ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ಮುಂದೆ ಯಾವ ತಪಾಸಣೆ ಬಂದರೂ ಆ ಪತ್ರ ನಿಮ್ಮ ಪರವಾಗಿ ಮಾತಾಡುತ್ತದೆ. ನಾನು ನೋಡಿದ ಮಟ್ಟಿಗೆ, ಹೀಗೆ ಮಗುವನ್ನು ಸೇರಿಸಿಕೊಂಡದ್ದಕ್ಕೆ ನೋಟಿಸ್ ಪಡೆದ ಒಬ್ಬ ಮುಖ್ಯ ಶಿಕ್ಷಕರೂ ಇಲ್ಲ. ಸೇರಿಸಿಕೊಳ್ಳದೆ ಉತ್ತರ ಕೊಡಬೇಕಾಗಿ ಬಂದವರು ಇದ್ದಾರೆ. ಆದರೂ ನಿಮ್ಮ ಪ್ರಕರಣದಲ್ಲಿ ಏನಾದರೂ ವಿಶೇಷ ಇದ್ದರೆ, ಅಂದರೆ ಪಾಲಕತ್ವದ ಜಗಳ, ಕೋರ್ಟ್ ಕೇಸು, ಎರಡು ಜನ್ಮದಿನಾಂಕ, ಅಂಥದ್ದಿದ್ದರೆ ನಿಮ್ಮ ಬಿಇಒ ಅವರ ಲಿಖಿತ ಸೂಚನೆ ಪಡೆಯಿರಿ. ನನ್ನ ಈ ಬರಹ ಅದಕ್ಕೆ ಬದಲಿಯಲ್ಲ.

ಈಗ ಭಯಕ್ಕೆ ವಿರುದ್ಧ ದಿಕ್ಕಿನ ತಪ್ಪಿನ ಬಗ್ಗೆಯೂ ಹೇಳಬೇಕು. ಕೆಲವು ಮಾನ್ಯತೆ ಇಲ್ಲದ ಶಾಲೆಯವರು ನಿಮ್ಮ ಬಳಿ ಬರುತ್ತಾರೆ. "ಹೆಸರು ನಿಮ್ಮ ಶಾಲೆಯಲ್ಲಿ ಇರಲಿ ಸಾರ್, ಪಾಠ ನಾವು ಮಾಡ್ತೀವಿ. ನಿಮಗೂ ಸಂಖ್ಯೆ ಜಾಸ್ತಿ ಆಗುತ್ತೆ" ಎನ್ನುತ್ತಾರೆ. ದಾಖಲಾತಿ ಕಡಿಮೆಯಾಗಿ ಹುದ್ದೆ ಹೋಗುವ ಆತಂಕದಲ್ಲಿರುವ ಶಾಲೆಗೆ ಇದು ದೊಡ್ಡ ಆಸೆ. ಒಪ್ಪಬೇಡಿ. ಒಪ್ಪಿದ ದಿನದಿಂದ ನೀವು ಬರೆಯುವ ಹಾಜರಾತಿ ಸುಳ್ಳು, ಬಿಸಿಯೂಟದ ಲೆಕ್ಕ ಸುಳ್ಳು. ಆ ಕಟ್ಟಡದಲ್ಲಿ ಮಗುವಿಗೆ ಏನಾದರೂ ಆದರೆ ದಾಖಲೆಯ ಪ್ರಕಾರ ಅದು ನಿಮ್ಮ ಶಾಲೆಯ ಮಗು. ನಾನು ಬಿಇಒ ಆಗಿದ್ದಾಗ ಇಂಥ ಒಂದು ಪ್ರಕರಣದಲ್ಲಿ ವರದಿ ಬರೆಯಬೇಕಾಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮೇಷ್ಟ್ರು. ವರದಿ ಬರೆಯುವಾಗ ನನ್ನ ಕೈ ಓಡಲಿಲ್ಲ. ಆದರೆ ಬರೆಯದೆ ವಿಧಿ ಇರಲಿಲ್ಲ.

ಸರ್ಕಾರಿ ಶಾಲೆಯವರೇ ತಮ್ಮ ಶಾಲೆಯ ಮಾನ್ಯತೆ ಬಗ್ಗೆ ಗಾಬರಿಯಾಗುವುದೂ ಉಂಟು. ಯಾವುದೋ ಅರ್ಜಿ ನಮೂನೆಯಲ್ಲಿ 'ಮಾನ್ಯತೆ ಆದೇಶ ಸಂಖ್ಯೆ' ಎಂಬ ಕಲಂ ಇರುತ್ತದೆ. "ನೂರು ವರ್ಷದ ಶಾಲೆ ಸಾರ್, ಮಾನ್ಯತೆ ಆದೇಶವೇ ಸಿಗ್ತಿಲ್ಲ!" ಸಿಗುವುದಿಲ್ಲ, ಯಾಕೆಂದರೆ 18ನೇ ಸೆಕ್ಷನ್ ಸರ್ಕಾರವೇ ಸ್ಥಾಪಿಸಿ ನಡೆಸುವ ಶಾಲೆಗಳಿಗೆ ಅನ್ವಯಿಸುವುದಿಲ್ಲ. 'ಸರ್ಕಾರಿ ಶಾಲೆ' ಎಂದು ಬರೆದು ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಕೊಟ್ಟಿರುವ ಗುರುತಿನ ಸಂಖ್ಯೆ) ಹಾಕಿ.

ಭಯ ಹುಟ್ಟುವುದು ಇನ್ನೂ ಒಂದು ಕಡೆಯಿಂದ. ಸುದ್ದಿಯನ್ನೇ ಆದೇಶ ಎಂದುಕೊಳ್ಳುವುದರಿಂದ. 2025ರ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿ ಕೊಟ್ಟಿತು. ದ್ವಿಭಾಷಾ ಸೂತ್ರ, ಕನಿಷ್ಠ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ, 2+8+4 ವ್ಯವಸ್ಥೆ (ಪೂರ್ವ ಪ್ರಾಥಮಿಕ 2, ಪ್ರಾಥಮಿಕ 8, ಪ್ರೌಢ 4 ವರ್ಷ), ಹೀಗೆ ಹಲವು ಶಿಫಾರಸು. ಮರುದಿನವೇ ಒಬ್ಬ ಮುಖ್ಯ ಶಿಕ್ಷಕರು ಫೋನ್ ಮಾಡಿದರು. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಿಂದ ಬಂದ ಮಗುವನ್ನು ತಮ್ಮ ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಸೇರಿಸಿಕೊಳ್ಳಬಹುದಾ, ಅದನ್ನು ಮುಚ್ಚುತ್ತಾರಂತಲ್ಲ ಎಂದು ಕೇಳಿದರು. ಆಯೋಗ ಕೊಡುವುದು ಶಿಫಾರಸು. ಅದನ್ನು ಸರ್ಕಾರ ಒಪ್ಪಿ, ಆದೇಶ ಹೊರಡಿಸಿ, ಅದು ಇಲಾಖೆಯ ಸುತ್ತೋಲೆಯಾಗಿ ನಿಮ್ಮ ಕೈಗೆ ಬರುವವರೆಗೆ ನಿಮ್ಮ ಶಾಲೆಯಲ್ಲಿ ಇವತ್ತು ಏನು ನಡೆಯುತ್ತಿದೆಯೋ ಅದೇ ನಿಯಮ.

1ನೇ ತರಗತಿಯ ವಯಸ್ಸಿನ ವಿಷಯದಲ್ಲೂ ಹೀಗೇ ಆಯಿತು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲೇ ಬಂತು. ಅದರ ಜಾರಿ 2025-26ಕ್ಕೆ ಮುಂದಕ್ಕೆ ಹೋಯಿತು. ಆ ವರ್ಷ ಬಂದಾಗ ಪೋಷಕರ ಒತ್ತಾಯಕ್ಕೆ ಒಂದು ಬಾರಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಮೂರು ಕಾಗದ, ಮೂರು ದಿನಾಂಕ. ಮೊದಲನೆಯದನ್ನು ಮಾತ್ರ ಓದಿದವರು ಒಂದು ಹೇಳುತ್ತಾರೆ, ಕೊನೆಯದನ್ನು ಮಾತ್ರ ಓದಿದವರು ಇನ್ನೊಂದು. ಹಾಗಾಗಿ ಯಾವ ಸುತ್ತೋಲೆ ಬಂದರೂ ಮೇಲ್ಗಡೆಯ 'ಉಲ್ಲೇಖ' ಓದಿ. ಅದು ಯಾವ ಹಳೇ ಆದೇಶವನ್ನು ಬದಲಿಸುತ್ತಿದೆ, ಯಾವ ವರ್ಷಕ್ಕೆ ಎಂಬುದು ಅಲ್ಲೇ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಬರುವ ಅರ್ಧ ಪುಟದಲ್ಲಿ ಅದೇ ಭಾಗ ಕತ್ತರಿಸಿ ಹೋಗಿರುತ್ತದೆ. ಮತ್ತೆ, 1ನೇ ತರಗತಿಯ ವಯಸ್ಸಿನ ಆದೇಶವನ್ನು 4ನೇ ತರಗತಿಗೆ ಬಂದ ಮಗುವಿನ ಮೇಲೆ ಹೇರಬೇಡಿ. ಹಾಗೆ ಮಾಡಿದವರನ್ನು ಕಂಡಿದ್ದೇನೆ.

ಟೈ ಹಾಕಿಕೊಂಡಿದ್ದ ಆ ಹುಡುಗಿಯನ್ನು ಆ ಮೇಷ್ಟ್ರು ಅವತ್ತೇ ಮಧ್ಯಾಹ್ನ 5ನೇ ತರಗತಿಗೆ ಸೇರಿಸಿಕೊಂಡರು. ಹಿಂದಿನ ತರಗತಿಯ ಕಲಿಕೆ ನೋಡುವ ಸೇತುಬಂಧದ ಪರೀಕ್ಷೆ ಮಾಡಿದ ಮೇಲೆ ಫೋನ್ ಮಾಡಿದರು. "ಸಾರ್, ಭಾಗಾಕಾರ ಪೂರ್ತಿ ಬರಲ್ಲ, ಕನ್ನಡ ಓದೋದು ತಡವರಿಸ್ತಾಳೆ. ಸಂಜೆ ಅರ್ಧ ಗಂಟೆ ಕೂರಿಸ್ಕೋತೀನಿ" ಎಂದರು. ಸೇರಿಸಿಕೊಳ್ಳಲು ಹೆದರಿದ್ದವರೂ ಇವರೇ. ಆ ಅರ್ಧ ಗಂಟೆ ಕೊಡಿ ಎಂದು ಅವರಿಗೆ ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ಕೊನೆಗೆ 9 ಮತ್ತು 10ನೇ ತರಗತಿ. ಇಲ್ಲಿ ನಾನು ಹುಷಾರಾಗಿ ಮಾತಾಡುತ್ತೇನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮಕ್ಕಳ ನೋಂದಣಿ ಮಾನ್ಯತೆ ಇರುವ ಶಾಲೆಯ ಮೂಲಕವೇ ಆಗಬೇಕು. ಪರೀಕ್ಷಾ ಮಂಡಳಿ ಹಿಂದಿನ ತರಗತಿಯ ದಾಖಲೆಯನ್ನೂ ನೋಡುತ್ತದೆ. ಮಾನ್ಯತೆ ಇಲ್ಲದ ಶಾಲೆಯಲ್ಲಿ 9 ಓದಿ ಬಂದ ಮಗುವನ್ನು ನೇರವಾಗಿ 10ಕ್ಕೆ ಕೂರಿಸಿಕೊಂಡು, "ಆಮೇಲೆ ನೋಡೋಣ" ಎಂದು ಬಿಟ್ಟರೆ ನೋಂದಣಿ ಹೊತ್ತಿಗೆ ಎಲ್ಲರೂ ಅಳಬೇಕಾಗುತ್ತದೆ. ಹಾಗಂತ ಗೇಟಿನಿಂದ ವಾಪಸ್ ಕಳಿಸುವುದೂ ಉತ್ತರವಲ್ಲ. ಮಗು ಬಂದ ವಾರದಲ್ಲೇ ಬಿಇಒ ಮೂಲಕ ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಅವರಿಗೆ ಬರೆಯಿರಿ, ಇರುವ ದಾಖಲೆಗಳ ನಕಲು ಲಗತ್ತಿಸಿ. ಮಗು ಯಾವ ತರಗತಿಯಲ್ಲಿ ಕೂರಬೇಕು ಎಂದು ಬರಹದಲ್ಲಿ ಕೇಳಿ. ಪೋಷಕರಿಗೂ ವಿಷಯವನ್ನು ಮುಚ್ಚಿಡದೆ ತಿಳಿಸಿ. ಜೂನ್‌ನಲ್ಲಿ ಬರೆದರೆ ಉತ್ತರ ಬರುವುದಕ್ಕೆ, ಬಾರದಿದ್ದರೆ ಎರಡನೇ ಸಲ ಬರೆಯುವುದಕ್ಕೆ ಸಮಯ ಸಿಗುತ್ತದೆ.